ಪೊಟ್ಸುವೋಲಿ 1983: ನೆಲ ಎದ್ದಿತು, ಊರು ಖಾಲಿಯಾಯ್ತು, ಜ್ವಾಲಾಮುಖಿ ಮಾತ್ರ ಸಿಡೀಲಿಲ್ಲ

ಅಮೆರಿಕದ ಯೆಲ್ಲೋಸ್ಟೋನ್ ಅನ್ನೋ ಭಾರೀ ಜ್ವಾಲಾಮುಖಿ ಇನ್ನೇನು ಸಿಡಿಯುತ್ತೆ, ಅದರ ಟೈಮ್ ಯಾವಾಗ್ಲೋ ಆಗಿಹೋಗಿದೆ ಅನ್ನೋ ಮೆಸೇಜು ಆಗಾಗ ಎಲ್ಲರ ಫೋನಿಗೂ ಬರ್ತಾ ಇರುತ್ತೆ. ಅದನ್ನ ಓದಿದವರು ಕೇಳೋ ಪ್ರಶ್ನೆ ನ್ಯಾಯವಾದದ್ದೇ. ಇಷ್ಟೊಂದು ಸ್ಯಾಟಲೈಟು, ಜಿಪಿಎಸ್ಸು, ಭೂಕಂಪ ಅಳೆಯೋ ಯಂತ್ರ ಎಲ್ಲಾ ಇಟ್ಕೊಂಡು ವಿಜ್ಞಾನಿಗಳಿಗೆ ಯಾವಾಗ ಸಿಡಿಯುತ್ತೆ ಅಂತ ಹೇಳೋಕೆ ಯಾಕಾಗಲ್ಲ? ಥಿಯರಿ ಹೇಳ್ಕೊಂಡು ಕೂರೋ ಬದಲು, ನಿಜವಾಗಿ ಜನ ಬದುಕಿರೋ ಒಂದು ಊರಲ್ಲಿ ಈ ಪ್ರಶ್ನೆ ಎದುರಾದಾಗ ಏನೇನಾಯ್ತು ಅಂತ ಪೂರ್ತಿ ಬಿಡಿಸಿ ನೋಡೋಣ. ಆ ಊರು ಇಟಲಿಯ ಪೊಟ್ಸುವೋಲಿ, ಕಾಲ 1982ರಿಂದ 1984, ಮತ್ತೆ ಆ ಕಥೆ ಇವತ್ತಿಗೂ ಮುಗಿದಿಲ್ಲ.

ನೇಪಲ್ಸ್ ನಗರದ ಪಶ್ಚಿಮಕ್ಕೆ, ಸಮುದ್ರಕ್ಕೆ ಅಂಟಿಕೊಂಡು ಪೊಟ್ಸುವೋಲಿ ಇದೆ. ನೇಪಲ್ಸ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ವೆಸೂವಿಯಸ್, ಆದ್ರೆ ಅದು ಊರಿನ ಪೂರ್ವಕ್ಕೆ, ದೂರದಿಂದಲೇ ಕಾಣೋ ಬೆಟ್ಟ. ಪಶ್ಚಿಮಕ್ಕೆ, ಪೊಟ್ಸುವೋಲಿಯ ಕೆಳಗೇ ಇರೋ ಜ್ವಾಲಾಮುಖಿ ಕಾಂಪಿ ಫ್ಲೆಗ್ರೇ. ಅದು ಕಣ್ಣಿಗೆ ಜ್ವಾಲಾಮುಖಿ ಥರ ಕಾಣೋದೇ ಇಲ್ಲ. ಅದೊಂದು ಕ್ಯಾಲ್ಡೆರಾ, ಅಂದ್ರೆ ಒಳಗಿದ್ದ ಶಿಲಾಪಾಕ (ಕರಗಿದ ಕಲ್ಲು) ಒಂದೇ ಸಲ ಹೊರಗೆ ಬಂದು ಮೇಲಿನ ನೆಲ ಕುಸಿದು ಆಗಿರೋ ಅಗಲವಾದ ತಗ್ಗು. ಸುಮಾರು 12ರಿಂದ 15 ಕಿಲೋಮೀಟರ್ ಅಗಲ, ಅದರಲ್ಲಿ ದೊಡ್ಡ ಭಾಗ ಸಮುದ್ರದೊಳಗೆ, ಉಳಿದದ್ದರ ಮೇಲೆ ಅಪಾರ್ಟ್‌ಮೆಂಟು, ಶಾಲೆ, ಆಸ್ಪತ್ರೆ, ರೈಲ್ವೆ ಲೈನು, ಬಂದರು. ಸುಮಾರು 40,000 ವರ್ಷದ ಹಿಂದೆ ಒಂದು ಭಾರೀ ಸ್ಫೋಟ, 15,000 ವರ್ಷದ ಹಿಂದೆ ಇನ್ನೊಂದು. ಮೊದಲನೆಯದರ ಬೂದಿ ರಷ್ಯಾದವರೆಗೂ ಹೋಗಿ ಬಿದ್ದಿದೆ. ಪುಸ್ತಕದ ಲೆಕ್ಕ ಹಿಡಿದ್ರೆ ಸೂಪರ್‌ವಾಲ್ಕೇನೋ ಅನ್ನೋಕೆ 1,000 ಘನ ಕಿಲೋಮೀಟರ್ ಸರಕು ಹೊರಗೆ ಬಂದಿರಬೇಕು, ಕಾಂಪಿ ಫ್ಲೆಗ್ರೇ ಆ ಗೆರೆಗಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತೆ, ಆದ್ರೂ ಎಲ್ಲರೂ ಅದನ್ನ ಅದೇ ಹೆಸರಲ್ಲಿ ಕರೀತಾರೆ. ಮನೆ ಇರೋದೇ ಅದರ ಮೇಲೆ ಆದವರಿಗೆ ಆ ಒಂದು ಮೆಟ್ಟಿಲಿನ ವ್ಯತ್ಯಾಸದಿಂದ ಏನೂ ಆಗಬೇಕಾಗಿಲ್ಲ.

ಈ ಊರಿನ ವಿಶೇಷ ಏನಂದ್ರೆ ಇಲ್ಲಿ ನೆಲ ಏಳುತ್ತೆ, ಇಳಿಯುತ್ತೆ. ಊರ ಮಧ್ಯದಲ್ಲಿ ರೋಮನ್ನರ ಕಾಲದ ಒಂದು ಮಾರುಕಟ್ಟೆ ಇದೆ, ಸೆರಾಪಿಯಂ ಅಂತ ಹೆಸರಾಗಿದೆ, 1750ರಲ್ಲಿ ಅಗೆದು ತೆಗೆದಾಗ ಮೂರು ಅಮೃತಶಿಲೆ ಕಂಬ ನಿಂತೇ ಇದ್ವು. ಆ ಕಂಬಗಳ ಮೇಲೆ, ನೆಲದಿಂದ ಹಲವಾರು ಮೀಟರ್ ಎತ್ತರದಲ್ಲಿ, ಸಣ್ಣ ಸಣ್ಣ ತೂತುಗಳ ಒಂದು ಪಟ್ಟಿ ಇದೆ. ಕಲ್ಲು ಕೊರೆಯೋ ಸಮುದ್ರದ ಚಿಪ್ಪುಜೀವಿಗಳು ಮಾಡಿದ ತೂತು ಅವು. ಅಂದ್ರೆ ಕಟ್ಟಿದಾಗ ಒಣ ನೆಲದಲ್ಲಿದ್ದ ಮಾರುಕಟ್ಟೆ ಆಮೇಲೆ ಅಷ್ಟೆತ್ತರಕ್ಕೆ ಸಮುದ್ರದಲ್ಲಿ ಮುಳುಗಿ, ಮತ್ತೆ ಮೇಲೆ ಬಂದಿದೆ, ಕಂಬ ಮಾತ್ರ ಬೀಳದೆ. ಚಾರ್ಲ್ಸ್ ಲಯೆಲ್ 1830ರಲ್ಲಿ ತನ್ನ ಭೂವಿಜ್ಞಾನದ ಪುಸ್ತಕದ ಮೊದಲ ಚಿತ್ರವಾಗಿ ಇದನ್ನೇ ಹಾಕಿದ.

ಇಲ್ಲಿ ಕೊನೆಯ ಸ್ಫೋಟ ಆಗಿದ್ದು 1538ರಲ್ಲಿ. ಅದಕ್ಕೂ ಮುಂಚೆ ದಶಕಗಳ ಕಾಲ ನೆಲ ಮೆಲ್ಲಗೆ ಏಳ್ತಾ ಇತ್ತು, ಎಷ್ಟು ಅಂದ್ರೆ ಸಮುದ್ರ ಹಿಂದೆ ಸರಿದು ಹೊಸದಾಗಿ ಸಿಕ್ಕ ಜಮೀನು ಯಾರಿಗೆ ಸೇರಬೇಕು ಅಂತ 1503ರಲ್ಲೇ ರಾಜಾಜ್ಞೆ ಹೊರಟಿದೆ. ಕೊನೆಕೊನೆಯ ದಿನಗಳಲ್ಲಿ ಭೂಕಂಪ ಜೋರಾಗಿ, ಸಮುದ್ರ ಇನ್ನೂ ಹಿಂದಕ್ಕೆ ಹೋಗಿ, ದಡದಲ್ಲಿ ಸಿಕ್ಕಿಹಾಕಿಕೊಂಡ ಮೀನನ್ನ ಜನ ಬಾಚಿಕೊಂಡರು. ಸೆಪ್ಟೆಂಬರ್ 29ರ ರಾತ್ರಿ ನೆಲ ಒಡೀತು. ವಾರದೊಳಗೆ ತ್ರಿಪೆರ್ಗೋಲೆ ಅನ್ನೋ ಹಳ್ಳಿ ಪೂರ್ತಿ ಹೂತುಹೋಗಿ ಅದರ ಮೇಲೆ 130 ಮೀಟರಿನ ಒಂದು ಹೊಸ ಗುಡ್ಡ ಎದ್ದಿತ್ತು, ಮೋಂತೆ ನುವೋವೋ. ಶಾಂತವಾಯ್ತು ಅಂದ್ಕೊಂಡು ಅಕ್ಟೋಬರ್ 6ರಂದು ಗುಡ್ಡ ನೋಡೋಕೆ ಹತ್ತಿದವರಲ್ಲಿ 24 ಜನ ಇನ್ನೊಂದು ಸ್ಫೋಟಕ್ಕೆ ಸಿಕ್ಕಿ ಸತ್ತರು. ಇಲ್ಲಿ ನೆಲ ಎದ್ದು ಸ್ಫೋಟದವರೆಗೂ ಹೋದದ್ದನ್ನ ಜನ ಕಣ್ಣಾರೆ ನೋಡಿ ಬರೆದಿಟ್ಟಿರೋ ಉದಾಹರಣೆ ಇದೊಂದೇ. ಮುಂದೆ ನಡೆದದ್ದಕ್ಕೆಲ್ಲಾ ಇದೇ ಅಳತೆಗೋಲು, ಅದಕ್ಕೇ ಇಷ್ಟು ವಿವರ ಹೇಳಿದೆ.

1538ರ ನಂತರ ನೆಲ ನಿಧಾನಕ್ಕೆ ಇಳೀತಾ ಹೋಯ್ತು, ನಾನೂರು ವರ್ಷ. 1950ರ ಹೊತ್ತಿಗೆ ತಿರುಗಿ ಮುಕ್ಕಾಲು ಮೀಟರಿನಷ್ಟು ಎದ್ದಿತು, ಆಗ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. 1969ರಿಂದ 1972ರ ನಡುವೆ ಸುಮಾರು 1.7 ಮೀಟರ್ ಎದ್ದಾಗ ಸರ್ಕಾರ ಗಾಬರಿಯಾಯ್ತು. 1970ರ ಮಾರ್ಚ್ 2ರಂದು ಬಂದರಿನ ಮೇಲಿನ ಬಂಡೆಯ ಮೇಲಿದ್ದ ಹಳೇ ಕೇರಿ ರಿಯೋನೆ ಟೆರ್ರಾದಿಂದ ಸುಮಾರು 3,000 ಜನರನ್ನ ಸೈನ್ಯ ತಂದು ಎಬ್ಬಿಸಿ ಕಳಿಸಿದರು. ಬಹುತೇಕ ಬೆಸ್ತರು, ಬಡವರು. ಸ್ಫೋಟ ಆಗಲಿಲ್ಲ. ಆ ಜನಕ್ಕೆ ವಾಪಸ್ ಬರೋಕೂ ಆಗಲಿಲ್ಲ. ಜಾಗ ಖಾಲಿ ಮಾಡಿಸೋಕೆ ಜ್ವಾಲಾಮುಖಿ ಒಂದು ನೆಪ ಅಂತ ಅವರಲ್ಲಿ ಬಹಳ ಜನ ನಂಬಿದರು, ಆ ಕೇರಿ ಈಗ ರಿಪೇರಿಯಾಗಿ ಟೂರಿಸ್ಟರು ಟಿಕೆಟ್ ತಗೊಂಡು ಕೆಳಗಿನ ರೋಮನ್ ಬೀದಿ ನೋಡೋ ಜಾಗ ಆಗಿದೆ ಅನ್ನೋದನ್ನ ನೋಡಿದ್ರೆ ಅವರ ಸಿಟ್ಟು ಅರ್ಥ ಆಗುತ್ತೆ.

1982: ಮತ್ತೆ ಶುರು

1982ರ ಮಧ್ಯಭಾಗದಲ್ಲಿ ನೆಲ ಮತ್ತೆ ಏಳೋಕೆ ಶುರುವಾಯ್ತು. ಎರಡು ವರ್ಷ ಹಿಂದಷ್ಟೇ, 1980ರ ನವೆಂಬರ್ 23ರಂದು, ಇದೇ ಪ್ರಾಂತ್ಯದ ಇರ್ಪೀನಿಯಾ ಭೂಕಂಪದಲ್ಲಿ ಮೂರು ಸಾವಿರದ ಹತ್ತಿರ ಜನ ಸತ್ತಿದ್ದರು. ಹಳೇ ಕಟ್ಟಡಗಳು ಮೊದಲೇ ಬಿರುಕು ಬಿಟ್ಟಿದ್ವು, ಮನೆ ಕಳಕೊಂಡವರು ಇನ್ನೂ ತಾತ್ಕಾಲಿಕ ವಸತಿಗಳಲ್ಲಿದ್ದರು. ಅಂಥ ಸ್ಥಿತಿಯಲ್ಲಿ ಇದು ಬಂತು.

1983ರ ಶರತ್ಕಾಲದ ಹೊತ್ತಿಗೆ ನೆಲ ದಿನಕ್ಕೆ ಸುಮಾರು 3 ಮಿಲಿಮೀಟರ್ ಏಳ್ತಾ ಇತ್ತು. ಕೇಳೋಕೆ ಸಣ್ಣದು. ಆದ್ರೆ ಒಂದು ಬಂದರಿಗೆ ಇದರ ಅರ್ಥ ಬೇರೆ, ತಿಂಗಳಿಗೆ ಒಂಬತ್ತು ಸೆಂಟಿಮೀಟರ್ ನೀರು ಕಡಿಮೆಯಾಗುತ್ತೆ, ಸಣ್ಣ ದೋಣಿಗಳ ಕಟ್ಟೆ ಒಣಗಿ ದೋಣಿಗಳು ಕೆಸರಲ್ಲಿ ಕೂರ್ತವೆ, ದೊಡ್ಡ ಫೆರ್ರಿಗಳಿಗೆ ಜೆಟ್ಟಿ ಎತ್ತರ ಆಗಿಹೋಗುತ್ತೆ. ಜೊತೆಗೆ ಭೂಕಂಪ. ಎರಡೂವರೆ ವರ್ಷದಲ್ಲಿ 16,000ಕ್ಕೂ ಹೆಚ್ಚು ದಾಖಲಾಗಿವೆ. ಬಹುತೇಕ ಸಣ್ಣವು, ಆದ್ರೆ ಮೂರು ಕಿಲೋಮೀಟರ್ ಆಳದಲ್ಲೇ ಆಗ್ತಿದ್ದರಿಂದ ಸಣ್ಣದೂ ಮನೆಯೊಳಗೆ ಜೋರಾಗೇ ಗೊತ್ತಾಗುತ್ತೆ. ಅಕ್ಟೋಬರ್ 4ರಂದು 4.0 ತೀವ್ರತೆಯದ್ದು ಬಂತು. ಊರಿನ ಮಧ್ಯಭಾಗದ ಕಟ್ಟಡಗಳಿಗೆ ಏಟು ಬಿತ್ತು. 1984ರ ಏಪ್ರಿಲ್ 1ರಂದು ಕೆಲವೇ ಗಂಟೆಗಳಲ್ಲಿ 500ಕ್ಕೂ ಹೆಚ್ಚು ಕಂಪನ.

ಈಗ ತೀರ್ಮಾನ ಮಾಡಬೇಕಾದವರ ಜಾಗದಲ್ಲಿ ನಿಂತು ನೋಡಿ. ಅವರ ಕೈಲಿ ಮಾಹಿತಿ ಇರಲಿಲ್ಲ ಅನ್ನೋ ಹಾಗಿಲ್ಲ, ಬೇಕಾದಷ್ಟಿತ್ತು. ವೆಸೂವಿಯಸ್ ವೀಕ್ಷಣಾಲಯ 1841ರಲ್ಲಿ ಶುರುವಾದದ್ದು, ಜಗತ್ತಿನ ಅತಿ ಹಳೇ ಜ್ವಾಲಾಮುಖಿ ವೀಕ್ಷಣಾಲಯ. ಲೆವೆಲಿಂಗ್ ಮಾಡೋ ತಂಡಗಳು ನೆಲದ ಎತ್ತರ ಅಳೀತಿದ್ವು, ಗುರುತ್ವದ ವ್ಯತ್ಯಾಸ ಅಳೀತಿದ್ದರು, ಊರ ಪಕ್ಕದ ಸೋಲ್ಫತಾರಾ ಕುಳಿಯಿಂದ ಬರೋ ಹಬೆ ಹಿಡಿದು ಗ್ಯಾಸ್ ಪರೀಕ್ಷೆ ಮಾಡ್ತಿದ್ದರು. ಎಲ್ಲಾ ಅಳತೆಯೂ ಏನೋ ಆಗ್ತಿದೆ ಅಂತಲೇ ಹೇಳ್ತಿತ್ತು. ಆ "ಏನೋ" ಏನು ಅನ್ನೋದಕ್ಕೆ ಎರಡು ಉತ್ತರ ಸಾಧ್ಯ ಇತ್ತು, ಎರಡೂ ಅದೇ ಅಳತೆಗಳಿಗೆ ಹೊಂದುತ್ತಿದ್ವು.

ಒಂದು, ಆಳದಿಂದ ಶಿಲಾಪಾಕ ಮೇಲಕ್ಕೆ ಬಂದು ಮೂರ್ನಾಲ್ಕು ಕಿಲೋಮೀಟರ್ ಆಳದಲ್ಲಿ ಕಲ್ಲಿನ ಪದರಗಳ ಮಧ್ಯೆ ನುಗ್ತಾ ಇದೆ, ಮೇಲಿನ ನೆಲ ಅದಕ್ಕೇ ಉಬ್ಬಿದೆ. ಇನ್ನೊಂದು, ಶಿಲಾಪಾಕ ಅಲ್ಲೇ ಏಳೆಂಟು ಕಿಲೋಮೀಟರ್ ಕೆಳಗೇ ಇದೆ, ಅದರಿಂದ ಬಿಟ್ಟ ಗ್ಯಾಸು ಮತ್ತು ಬಿಸಿನೀರು ಮೇಲಿನ ಬಂಡೆಯ ರಂಧ್ರಗಳಲ್ಲಿ ತುಂಬ್ಕೊಂಡು ಒತ್ತಡ ಹೆಚ್ಚಿಸ್ತಿದೆ. ಮೊದಲನೆಯದಾದ್ರೆ ಊರು ಖಾಲಿ ಮಾಡ್ಬೇಕು. ಎರಡನೆಯದಾದ್ರೆ ಒತ್ತಡ ತಾನೇ ಇಳಿಯಬಹುದು, ಅಥವಾ ಒಂದು ಹಬೆ ಸ್ಫೋಟ ಆಗಿ ನಿಲ್ಲಬಹುದು. ಅದೇ ಹೊತ್ತಿಗೆ ಅಲ್ಲಿ ಭೂಶಾಖದ ವಿದ್ಯುತ್ತಿಗಾಗಿ ಕೊರೆದಿದ್ದ ಬಾವಿಗಳಲ್ಲಿ ಮೂರು ಕಿಲೋಮೀಟರ್ ಆಳದಲ್ಲಿ 400 ಡಿಗ್ರಿ ಮೀರಿದ ಬಿಸಿ ಸಿಕ್ಕಿತ್ತು, ಆದ್ರೆ ಕರಗಿದ ಕಲ್ಲು ಸಿಕ್ಕಿರಲಿಲ್ಲ. ಅದು ಎರಡೂ ವಾದಕ್ಕೆ ಅನುಕೂಲ ಮಾಡಿಕೊಡ್ತು ಅಷ್ಟೇ.

ಸರ್ಕಾರ ಜನರನ್ನ ಕಳಿಸೋ ತೀರ್ಮಾನ ತಗೊಂಡಿತು. ಅಕ್ಟೋಬರ್ 1983ರಿಂದ ಮುಂದಿನ ತಿಂಗಳುಗಳಲ್ಲಿ ಸುಮಾರು 40,000 ಜನ ಊರಿನ ಹಳೇ ಭಾಗ ಬಿಟ್ಟು ಹೋದರು. ಇದರಲ್ಲಿ ಬಹಳ ಜನ ಮರೆಯೋ ಒಂದು ಅಂಶ ಇದೆ. ಸ್ಫೋಟ ಆಗುತ್ತೋ ಇಲ್ವೋ ಗೊತ್ತಾಗದಿದ್ದರೂ, ಆ ಬಿರುಕುಬಿಟ್ಟ ಮನೆಗಳು ಇನ್ನೊಂದು ದೊಡ್ಡ ಕಂಪನ ತಡೆಯಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಅಂದ್ರೆ ಆ ತೀರ್ಮಾನ ನಿಂತಿದ್ದು ಜ್ವಾಲಾಮುಖಿಯ ಭವಿಷ್ಯದ ಮೇಲಲ್ಲ, ಕಟ್ಟಡಗಳ ವರ್ತಮಾನದ ಮೇಲೆ. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾಗಿ ಯೋಚನೆ ಮಾಡಿದ್ದು ಇಲ್ಲೇ. ಆದ್ರೆ ಮುಂದಿನದು ಅಷ್ಟು ಸರಿಯಾಗಲಿಲ್ಲ, ಹೋದವರಿಗೆ ಅಂತ ಮೋಂತೆರುಶೆಲ್ಲೋ ಅನ್ನೋ ಹೊಸ ಬಡಾವಣೆ ಅವಸರದಲ್ಲಿ ಕಟ್ಟಿದರು, ಅದೂ ಪೊಟ್ಸುವೋಲಿಯ ಆಡಳಿತದ ಒಳಗೇ, ಇವತ್ತು ಸ್ಫೋಟವಾದರೆ ಖಾಲಿ ಮಾಡಲೇಬೇಕಾದ ಕೆಂಪು ವಲಯದ ಒಳಗೇ ಇದೆ.

1984ರ ಕೊನೆಗೆ ನೆಲ ನಿಂತಿತು. ಒಟ್ಟು ಎದ್ದದ್ದು ಸುಮಾರು 1.8 ಮೀಟರ್. ಭೂಕಂಪ ಕಡಿಮೆಯಾಯ್ತು, ನೆಲ ಮೆಲ್ಲಗೆ ಇಳಿಯೋಕೆ ಶುರುವಾಯ್ತು, ಮುಂದಿನ ಇಪ್ಪತ್ತು ವರ್ಷದಲ್ಲಿ 90 ಸೆಂಟಿಮೀಟರಿನಷ್ಟು ಇಳೀತು. ಸ್ಫೋಟ ಆಗಲೇ ಇಲ್ಲ.

ಅದೇ ವರ್ಷ, ಭೂಮಿಯ ಇನ್ನೊಂದು ಕಡೆ

ಇಲ್ಲಿಗೆ ನಿಲ್ಲಿಸಿದ್ರೆ "ನೋಡಿ, ಸುಮ್ನೆ ಹೆದರಿಸಿದ್ರು" ಅಂತ ಅನ್ನಿಸುತ್ತೆ. ಅದಕ್ಕೇ ಪಪುವಾ ನ್ಯೂಗಿನಿಯ ರಬಾವುಲ್ ಪಟ್ಟಣದ ಕಥೆ ಇದರ ಪಕ್ಕದಲ್ಲೇ ಇಟ್ಟು ಓದಬೇಕು. ಅದೂ ಕ್ಯಾಲ್ಡೆರಾ, ಅದೂ ಸಮುದ್ರ ಒಳಗೆ ಬಂದು ಬಂದರಾಗಿರೋದು, ಅದರ ದಡದಲ್ಲೂ ಊರು. 1937ರಲ್ಲಿ ಅಲ್ಲಿ ಸ್ಫೋಟ ಆಗಿ ಸುಮಾರು 500 ಜನ ಸತ್ತಿದ್ದರು. 1983ರ ಸೆಪ್ಟೆಂಬರಲ್ಲಿ, ಪೊಟ್ಸುವೋಲಿ ನಡುಗ್ತಿದ್ದ ಅದೇ ದಿನಗಳಲ್ಲಿ, ರಬಾವುಲಲ್ಲೂ ಭೂಕಂಪಗಳ ಸುರಿಮಳೆ ಶುರುವಾಯ್ತು, ನೆಲ ಎದ್ದಿತು. 1984ರ ಏಪ್ರಿಲ್ ಒಂದೇ ತಿಂಗಳಲ್ಲಿ 13,000ಕ್ಕೂ ಹೆಚ್ಚು ಕಂಪನ. ಅಧಿಕಾರಿಗಳು ಎಚ್ಚರಿಕೆಯ ಮಟ್ಟ ಏರಿಸಿದರು, ಊರು ಬಿಡೋ ರಸ್ತೆಗಳನ್ನ ಗೊತ್ತು ಮಾಡಿದರು, ಅಭ್ಯಾಸ ಮಾಡಿಸಿದರು. 1985ರ ಹೊತ್ತಿಗೆ ಅಲ್ಲೂ ಎಲ್ಲಾ ತಣ್ಣಗಾಯ್ತು.

ಆಮೇಲೆ ಒಂಬತ್ತು ವರ್ಷ ದೊಡ್ಡದೇನೂ ಇಲ್ಲ. 1994ರ ಸೆಪ್ಟೆಂಬರ್ 18ರ ಬೆಳಗಿನ ಜಾವ ಭೂಕಂಪ ಶುರುವಾಗಿ, ಬರೀ 27 ಗಂಟೆಯಲ್ಲಿ, 19ರ ಬೆಳಗ್ಗೆ ಬಂದರಿನ ಎರಡು ಬದಿಯ ತವುರ್ವುರ್ ಮತ್ತು ವಲ್ಕನ್ ಎರಡೂ ಒಂದರ ಹಿಂದೊಂದು ಸಿಡಿದವು. ಊರಿನ ಬಹುಭಾಗ ಬೂದಿಯ ಭಾರಕ್ಕೆ ಕುಸಿದುಹೋಯ್ತು. ಸತ್ತವರು ಬೆರಳೆಣಿಕೆ, ಯಾಕಂದ್ರೆ ಹತ್ತು ವರ್ಷದ ಹಿಂದಿನ ಅಭ್ಯಾಸ ಜನಕ್ಕೆ ನೆನಪಿತ್ತು, ಸಮುದ್ರ ಏರಿಳಿಯೋದನ್ನ, ನೆಲ ನಡುಗೋದನ್ನ ನೋಡಿ ಆರ್ಡರಿಗೆ ಕಾಯದೆ ರಾತ್ರಿಯೇ ಸಾವಿರಾರು ಜನ ಹೊರಟುಬಿಟ್ಟಿದ್ದರು.

ಎರಡೂ ಒಟ್ಟಿಗೆ ಇಟ್ಟು ಯೋಚನೆ ಮಾಡಿ. 1984ರ ರಬಾವುಲಿನಲ್ಲಿ ತಿಂಗಳುಗಟ್ಟಲೆ ಹತ್ತಾರು ಸಾವಿರ ಕಂಪನ, ಸ್ಫೋಟ ಇಲ್ಲ. 1994ರಲ್ಲಿ ಒಂದು ದಿನದ ನಡುಕ, ಸ್ಫೋಟ ಆಯ್ತು. ಜೋರಾದ ಲಕ್ಷಣ ಅಂದ್ರೆ ಹತ್ತಿರದ ಸ್ಫೋಟ ಅನ್ನೋ ನಮ್ಮ ಸಾಮಾನ್ಯ ತರ್ಕ ಇಲ್ಲಿ ಪೂರ್ತಿ ತಲೆಕೆಳಗು. ಹಾಗಾದ್ರೆ ಪೊಟ್ಸುವೋಲಿಯ 1984 ಮುಗಿದ ಅಧ್ಯಾಯವಾ, ಅಥವಾ ಹತ್ತು ವರ್ಷದ ಬದಲು ನಲವತ್ತು, ಐವತ್ತು ವರ್ಷ ತಗೊಳ್ತಿರೋ ರಬಾವುಲ್ಲಾ? ಈ ಪ್ರಶ್ನೆಗೆ ಇವತ್ತು ಯಾರ ಹತ್ರನೂ ಎಲ್ಲರೂ ಒಪ್ಪೋ ಉತ್ತರ ಇಲ್ಲ, ಮತ್ತೆ ನಿಜವಾದ ಕಷ್ಟ ಇರೋದು ಇಲ್ಲೇ.

ಯಾಕಿಷ್ಟು ಕಷ್ಟ

ಜ್ವಾಲಾಮುಖಿ ವಿಜ್ಞಾನಿ ಕ್ರಿಸ್ ಕಿಲ್ಬರ್ನ್ ಮತ್ತು ಅವರ ಜೊತೆಗಾರ ಇಟಾಲಿಯನ್ ವಿಜ್ಞಾನಿಗಳು 2017ರಲ್ಲಿ ಒಂದು ವಾದ ಮುಂದಿಟ್ಟರು. 1950, 1969, 1982 ಇವು ಮೂರನ್ನೂ ಬೇರೆ ಬೇರೆ ಘಟನೆ ಅಂತ ನೋಡಬೇಡಿ, ಒಂದೇ ಪ್ರಕ್ರಿಯೆ ಅಂತ ನೋಡಿ ಅಂದರು. ಪ್ರತೀ ಸಲ ನೆಲ ಉಬ್ಬಿದಾಗ ಬಂಡೆಯಲ್ಲಿ ಉಳಿಯೋ ಎಳೆತ ಮುಂದಿನ ಸಲಕ್ಕೆ ಜಮಾ ಆಗ್ತಾ ಹೋಗುತ್ತೆ. ತಂತಿಯನ್ನ ಒಂದೇ ಜಾಗದಲ್ಲಿ ಹತ್ತಾರು ಸಲ ಬಗ್ಗಿಸಿ ನೇರ ಮಾಡಿದ್ರೆ ಮೊದಲ ಬಗ್ಗುವಿಕೆಗೂ ಕೊನೆಯದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಆದ್ರೆ ಕೊನೆಯದಕ್ಕೆ ಅದು ಮುರಿಯುತ್ತೆ. ಆ ಲೆಕ್ಕದಲ್ಲಿ 1984ರಲ್ಲಿ ತಡೆದುಕೊಂಡ ಬಂಡೆ ಇನ್ನೊಂದು ಸಲ ಅಷ್ಟೇ ಒತ್ತಡ ತಡೆಯುತ್ತೆ ಅಂತ ಹೇಳೋಕಾಗಲ್ಲ. ಇದರ ಎದುರಿಗೆ ಬೇರೆ ವಾದ ಇದೆ. 2025ರಲ್ಲಿ ಸ್ಟ್ಯಾನ್‌ಫೋರ್ಡಿನ ತಿಝಿಯಾನಾ ವನೋರಿಯೋ ಅವರ ತಂಡ ಬರೆದದ್ದು ಹೇಳೋ ಪ್ರಕಾರ, ಇದೆಲ್ಲಾ ನಡೆಸ್ತಿರೋದು ಮೇಲಿನ ಬಿಸಿನೀರಿನ ಜಲಾಶಯ, ಮಳೆನೀರು ಇಂಗಿ ಒಳಗೆ ಸೇರುತ್ತೆ, ಮೇಲಿನ ಬಂಡೆಯ ಮುಚ್ಚಳ ಬಿರುಕು ಬಿಟ್ಟರೂ ಮತ್ತೆ ತಾನೇ ಅಂಟ್ಕೊಳ್ಳುತ್ತೆ, ಒತ್ತಡ ಏರುತ್ತೆ. ಅವರು ಇನ್ನೂ ಮುಂದೆ ಹೋಗಿ ನೀರಿನ ಹರಿವನ್ನ ನಿಭಾಯಿಸಿದ್ರೆ ಭೂಕಂಪ ಕಡಿಮೆ ಮಾಡಬಹುದು ಅಂತಲೂ ಹೇಳ್ತಾರೆ. ಜ್ವಾನ್ನಿ ಕಿಯೋದಿನಿ ಮತ್ತು ಜೊತೆಗಾರರು 2016ರಲ್ಲಿ ಹೇಳಿದ್ದು ಮೂರನೇ ದಾರಿ, ಶಿಲಾಪಾಕದ ಒತ್ತಡ ಒಂದು ಮಟ್ಟಕ್ಕೆ ಇಳಿದಾಗ ಅದರಿಂದ ನೀರಾವಿ ಒಮ್ಮೆಲೇ ಹೆಚ್ಚಾಗಿ ಬಿಡುಗಡೆ ಆಗಿ ಮೇಲಿನ ಬಂಡೆಯನ್ನ ಕಾಯಿಸಿ ಮೆತ್ತಗೆ ಮಾಡುತ್ತೆ ಅಂತ. ಮೂವರೂ ನೋಡ್ತಿರೋದು ಹೆಚ್ಚುಕಮ್ಮಿ ಅದೇ ನೆಲ, ಅದೇ ಗ್ಯಾಸು.

ಒಳಗೆ ಇಳಿದು ನೋಡೋ ಹಾಗಿಲ್ಲವಾ ಅಂದ್ರೆ, ಅದಕ್ಕೂ ಪ್ರಯತ್ನ ಆಗಿದೆ. ಆಳವಾಗಿ ಕೊರೆದು ನೋಡೋ ಒಂದು ಅಂತರರಾಷ್ಟ್ರೀಯ ಯೋಜನೆ ಇತ್ತು, ಕೊರೆದ್ರೆ ಅದೇ ಸ್ಫೋಟಕ್ಕೆ ದಾರಿ ಆದೀತು ಅಂತ ಆತಂಕ ಎದ್ದು 2010ರಲ್ಲಿ ನೇಪಲ್ಸ್ ಮೇಯರ್ ಅದನ್ನ ನಿಲ್ಲಿಸಿದರು, ಆಮೇಲೆ 2012ರಲ್ಲಿ ಇದೇ ಕ್ಯಾಲ್ಡೆರಾದೊಳಗಿನ ಬಾನ್ಯೋಲಿಯಲ್ಲಿ 500 ಮೀಟರಿನ ಒಂದು ಪ್ರಾಯೋಗಿಕ ಬಾವಿ ಮಾತ್ರ ಕೊರೆದರು. ಪ್ರಶ್ನೆ ಇರೋದು ಮೂರರಿಂದ ಎಂಟು ಕಿಲೋಮೀಟರ್ ಆಳದಲ್ಲಿ.

ಇನ್ನೊಂದು ಅಡ್ಡಿ ಅಂದ್ರೆ ಉದಾಹರಣೆಗಳ ಕೊರತೆ. ಮುನ್ಸೂಚನೆ ಅನ್ನೋದು ಹಿಂದಿನ ಅನುಭವದಿಂದ ಬರೋದು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೋ ಸಿಡಿಯೋ ಮುಂಚೆ ಸಾವಿರಾರು ಜನರನ್ನ ಸಾಗಿಸೋಕೆ ಆಗಿದ್ದು ಹೌದು, ಅದು ನಿಜವಾಗ್ಲೂ ದೊಡ್ಡ ಗೆಲುವು. ಆದ್ರೆ ನಿಜವಾದ ಸೂಪರ್‌ವಾಲ್ಕೇನೋ ಗಾತ್ರದ ಕೊನೆಯ ಸ್ಫೋಟ ನ್ಯೂಝಿಲೆಂಡಿನ ಟೌಪೋದಲ್ಲಿ ಸುಮಾರು 25,500 ವರ್ಷದ ಹಿಂದೆ ಆದದ್ದು. ಅದಕ್ಕಿಂತ ಒಂದು ಮೆಟ್ಟಿಲು ಸಣ್ಣದು ಇಂಡೋನೇಷ್ಯಾದ ತಂಬೋರಾ, 1815. ಒಂದರ ಮುಂಚಿನ ದಿನಗಳನ್ನೂ ಯಂತ್ರ ಇಟ್ಟು ಯಾರೂ ಅಳೆದಿಲ್ಲ. ಯೆಲ್ಲೋಸ್ಟೋನಿನದ್ದು "ಟೈಮ್ ಆಗಿದೆ" ಅನ್ನೋ ಲೆಕ್ಕದ ಬುಡ ನೋಡಿದ್ರೆ ಇದು ಇನ್ನೂ ಸ್ಪಷ್ಟ. 21 ಲಕ್ಷ, 13 ಲಕ್ಷ, 6.4 ಲಕ್ಷ ವರ್ಷದ ಹಿಂದೆ ಮೂರು ಸ್ಫೋಟ, ಅಂದ್ರೆ ನಡುವೆ ಇರೋದು ಎರಡೇ ಎರಡು ಅಂತರ. ಎರಡು ಸಂಖ್ಯೆಯ ಸರಾಸರಿ ತಗೊಂಡು ಅದನ್ನ ಬಸ್ಸಿನ ಟೈಮ್‌ಟೇಬಲ್ ಮಾಡೋಕಾಗಲ್ಲ, ಮತ್ತೆ ಆ ಸರಾಸರಿ ಒಪ್ಪಿಕೊಂಡರೂ ಗಡುವು ಇನ್ನೂ ದಾಟಿಲ್ಲ. ಅಲ್ಲೂ 2004ರಿಂದ 2010ರ ಹೊತ್ತಿಗೆ ನೆಲ 25 ಸೆಂಟಿಮೀಟರಿನಷ್ಟು ಎದ್ದು ಸುಮ್ಮನಾಯ್ತು.

ಇಂಥ ಸ್ಫೋಟ ನಮಗೆ ಸಂಬಂಧವೇ ಇಲ್ಲ ಅಂದ್ಕೊಳ್ಳೋ ಹಾಗೂ ಇಲ್ಲ. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಸಿಡಿದಾಗ ಬಿದ್ದ ಬೂದಿಯ ಪದರ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಇವತ್ತೂ ಬಿಳಿಯಾಗಿ ಕಾಣುತ್ತೆ, ಬಳ್ಳಾರಿಯಿಂದ ಬಹಳ ದೂರವೇನಲ್ಲ. ಅಲ್ಲಿ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳು ಸಿಕ್ಕಿವೆ, ಆ ಅಗೆತದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮುಂದೆ ನಿಂತು ಕೆಲಸ ಮಾಡಿದವರು.

ತಪ್ಪಿದರೆ ಯಾರಿಗೆ ಏಟು

ಸ್ಫೋಟ ಆಗುತ್ತೆ ಅಂತ ಹೇಳಿ ಆಗದಿದ್ರೂ ಏಟು ಬೀಳುತ್ತೆ, ಆಗಲ್ಲ ಅಂತ ಹೇಳಿ ಆದ್ರೂ ಬೀಳುತ್ತೆ. 1976ರಲ್ಲಿ ಕೆರೀಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ 70,000ಕ್ಕೂ ಹೆಚ್ಚು ಜನರನ್ನ ತಿಂಗಳುಗಟ್ಟಲೆ ಮನೆ ಬಿಡಿಸಿದರು, ನಿರೀಕ್ಷೆ ಮಾಡಿದ ದೊಡ್ಡ ಸ್ಫೋಟ ಆಗಲಿಲ್ಲ, ವಿಜ್ಞಾನಿಗಳು ಪೇಪರುಗಳಲ್ಲೇ ಒಬ್ಬರ ಮೇಲೊಬ್ಬರು ಬಿದ್ದರು. 1982ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ವ್ಯಾಲಿ ಕ್ಯಾಲ್ಡೆರಾ ಬಗ್ಗೆ ಸರ್ಕಾರಿ ಭೂವಿಜ್ಞಾನ ಇಲಾಖೆ ಒಂದು ಎಚ್ಚರಿಕೆ ಹೊರಡಿಸಿದ್ದಕ್ಕೆ ಮ್ಯಾಮತ್ ಲೇಕ್ಸ್ ಊರಿನ ಮನೆ ಬೆಲೆ ಬಿದ್ದು, ಟೂರಿಸ್ಟರು ಕಡಿಮೆಯಾಗಿ, ಅಲ್ಲಿಯ ಜನ ವಿಜ್ಞಾನಿಗಳ ಮೇಲೆ ಕೆಂಡ ಆದರು. ಇನ್ನೊಂದು ಕಡೆ ಇಟಲಿಯಲ್ಲೇ 2009ರ ಲಾಕ್ವಿಲಾ ಭೂಕಂಪಕ್ಕೆ ಮುಂಚೆ ಜನರಿಗೆ ತಪ್ಪು ಧೈರ್ಯ ಕೊಟ್ಟರು ಅಂತ ಏಳು ಜನ ತಜ್ಞರಿಗೆ 2012ರಲ್ಲಿ ಆರು ವರ್ಷದ ಶಿಕ್ಷೆ ಆಯ್ತು, 2014ರಲ್ಲಿ ಮೇಲ್ಮನವಿಯಲ್ಲಿ ಆರು ಜನ ಖುಲಾಸೆ ಆದರು. ಇದೆಲ್ಲಾ ನೋಡಿರೋ ವಿಜ್ಞಾನಿ ಮೈಕ್ ಮುಂದೆ ಬಂದಾಗ ಎಷ್ಟು ಅಳೆದು ತೂಗಿ ಮಾತಾಡ್ತಾನೆ, ಕೇಳೋ ಜನಕ್ಕೆ ಅದು ಎಷ್ಟು ಜಾರಿಕೊಳ್ಳೋ ಮಾತಿನ ಥರ ಕೇಳಿಸುತ್ತೆ ಅಂತ ಊಹೆ ಮಾಡಬಹುದು. ಇಬ್ಬರದೂ ತಪ್ಪಿಲ್ಲ.

ಪೊಟ್ಸುವೋಲಿಯಲ್ಲಿ ಇದು ಇನ್ನೂ ಜಾಸ್ತಿ, ಯಾಕಂದ್ರೆ 1970ರಲ್ಲಿ, 1983ರಲ್ಲಿ ಮನೆ ಕಳಕೊಂಡವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಇವರಿಗೆ ಹೊರಡಿ ಅಂತ ಹೇಳೋದು ಮೊದಲ ಸಲ ಹೇಳಿದ ಹಾಗಲ್ಲ.

ಮತ್ತೆ ಹೇಳಬೇಕಾದ ಕಾಲ ಹತ್ತಿರ ಬರ್ತಿದೆಯಾ ಅನ್ನೋ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 2005ರಿಂದ ನೆಲ ಮತ್ತೆ ಏಳ್ತಿದೆ, ಈ ಸಲ ನಿಧಾನಕ್ಕೆ, ಎರಡು ವರ್ಷದ ಬದಲು ಇಪ್ಪತ್ತು ವರ್ಷ. 2012ರ ಡಿಸೆಂಬರಲ್ಲಿ ಎಚ್ಚರಿಕೆಯ ಮಟ್ಟ ಹಸಿರಿಂದ ಹಳದಿಗೆ ಏರಿತು. 2022ರ ಹೊತ್ತಿಗೆ ನೆಲ 1984ರ ಎತ್ತರ ದಾಟಿತು. 2023ರ ಸೆಪ್ಟೆಂಬರಲ್ಲಿ 4.2 ತೀವ್ರತೆಯ ಭೂಕಂಪ, 2024ರ ಮೇ 20ರಂದು 4.4, ಆಗ ನೂರಾರು ಮನೆಗಳ ಜನ ಹೊರಗೆ ಬರಬೇಕಾಯ್ತು, 2025ರ ಮಾರ್ಚ್ 13ರಂದು 4.6, ಜೂನ್ 30ರಂದು ಮತ್ತೆ 4.6. ಎರಡೂ 1983ರ ಆ ದೊಡ್ಡ ಕಂಪನಕ್ಕಿಂತ ಜೋರು. ಸೋಲ್ಫತಾರಾ ಸುತ್ತ ದಿನಕ್ಕೆ ಸಾವಿರಾರು ಟನ್ ಕಾರ್ಬನ್ ಡೈಆಕ್ಸೈಡ್ ನೆಲದಿಂದ ಬರ್ತಿದೆ. ಇದಿಷ್ಟಾದರೂ ಶಿಲಾಪಾಕ ಮೇಲೆ ಬರ್ತಿದೆ ಅನ್ನೋದಕ್ಕೆ ಎಲ್ಲರೂ ಒಪ್ಪೋ ಸಾಕ್ಷಿ ಸಿಕ್ಕಿಲ್ಲ, ಹಾಗಾಗಿ ಮಟ್ಟ ಹಳದಿಯಲ್ಲೇ ನಿಂತಿದೆ. ಇದನ್ನ ಟೀಕೆ ಮಾಡೋರು ಇದ್ದಾರೆ. ನನಗೆ ಅನ್ನಿಸೋದು, ಹಳದಿಯಲ್ಲಿ ಇಟ್ಟಿರೋದು ತಪ್ಪಲ್ಲ, ಆದ್ರೆ ಹಳದಿ ಅಂದ್ರೆ ಜ್ವಾಲಾಮುಖಿಯ ಬಗ್ಗೆ ಮಾತ್ರ ಹೇಳೋ ಬಣ್ಣ, ನಿಮ್ಮ ಮನೆಯ ಗೋಡೆ ಬಗ್ಗೆ ಅದು ಏನೂ ಹೇಳಲ್ಲ ಅನ್ನೋದನ್ನ ಜನಕ್ಕೆ ತಡವಾಗಿ ತಿಳಿಸಿದರು. 2023ರ ಅಕ್ಟೋಬರಲ್ಲಿ ಬಂದ ವಿಶೇಷ ಕಾನೂನಿನಲ್ಲಿ ಕಟ್ಟಡಗಳ ತಪಾಸಣೆಗೆ, ಭೂಕಂಪಕ್ಕೇ ಬೇರೆ ಯೋಜನೆ ಮಾಡೋಕೆ ಅವಕಾಶ ಆಯ್ತು. ನಲವತ್ತು ವರ್ಷ ಮುಂಚೆ ಜನರನ್ನ ಹೊರಗೆ ಕಳಿಸಿದ ಕಾರಣವೇ ಅದಾಗಿದ್ದಾಗ ಇದು 2023ಕ್ಕೆ ಕಾಯಬೇಕಿರಲಿಲ್ಲ.

ಸ್ಫೋಟದ ಯೋಜನೆ ಹೀಗಿದೆ. ಕೆಂಪು ವಲಯದಲ್ಲಿ ಸುಮಾರು ಐದು ಲಕ್ಷ ಜನ. ಕಿತ್ತಳೆ ಮಟ್ಟ ಬಂದ್ರೆ ಆಸ್ಪತ್ರೆ, ಜೈಲು ಖಾಲಿ ಮಾಡ್ತಾರೆ, ಇಷ್ಟ ಇದ್ದವರು ಸರ್ಕಾರದ ಸಹಾಯದಲ್ಲಿ ಮೊದಲೇ ಹೋಗಬಹುದು. ಕೆಂಪು ಬಂದ್ರೆ ಎಲ್ಲರೂ 72 ಗಂಟೆಯಲ್ಲಿ ಹೊರಗೆ, ತಯಾರಿಗೆ 12, ಸಾಗಾಟಕ್ಕೆ 48, ಕೈಮೀರಿದ್ರೆ ಅಂತ 12. ಯಾವ ಕೇರಿಯವರು ಇಟಲಿಯ ಯಾವ ಪ್ರಾಂತ್ಯಕ್ಕೆ ಹೋಗಬೇಕು ಅಂತ ಮೊದಲೇ ಹಂಚಿಟ್ಟಿದ್ದಾರೆ. ಕೆಂಪು ಅಂತ ಘೋಷಣೆ ಮಾಡಬೇಕಾದವರು ಪ್ರಧಾನಿ, ತಜ್ಞರ ಸಮಿತಿ ಸಲಹೆ ಕೊಡುತ್ತೆ.

ಈ ಯೋಜನೆ ಪೂರ್ತಿ ನಿಂತಿರೋದು ಸ್ಫೋಟಕ್ಕೆ ಕನಿಷ್ಠ ಮೂರು ದಿನ ಮುಂಚೆ ಯಾರೋ ಒಬ್ಬರು ಖಚಿತವಾಗಿ ಹೇಳ್ತಾರೆ ಅನ್ನೋದರ ಮೇಲೆ. ರಬಾವುಲಿಗೆ ಸಿಕ್ಕಿದ್ದು 27 ಗಂಟೆ. ಅಲ್ಲಿ ಜನ ಬದುಕಿದ್ದು ಆರ್ಡರ್ ಬರೋ ಮುಂಚೆ ತಾವೇ ಎದ್ದು ಹೊರಟಿದ್ದರಿಂದ, ಹಾಗೆ ಹೊರಡೋಕೆ ದಾರಿ ಗೊತ್ತಿದ್ದರಿಂದ. ಪೊಟ್ಸುವೋಲಿಯಲ್ಲಿ ಅಭ್ಯಾಸ ನಡೆಸ್ತಿದ್ದಾರೆ, ಅದು ಇನ್ನೂ ಹೆಚ್ಚಾಗಬೇಕು. ಶಾಲೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ, ಹಾಸಿಗೆ ಹಿಡಿದ ವಯಸ್ಸಾದವರು ಇರೋ ಮನೆಗಳಲ್ಲಿ, ಕಿತ್ತಳೆ ಬಣ್ಣ ಬರೋ ಮುಂಚೆಯೇ ಯಾರು ಯಾರನ್ನ ಕರ್ಕೊಂಡು ಯಾವ ರಸ್ತೆಲಿ ಹೋಗ್ತಾರೆ ಅನ್ನೋದು ತೀರ್ಮಾನ ಆಗಿರಬೇಕು. ಆ ಕೆಲಸಕ್ಕೆ ಸ್ಫೋಟದ ದಿನಾಂಕ ಗೊತ್ತಿರಬೇಕಾದ ಅಗತ್ಯವೇ ಇಲ್ಲ.